ವಿಹಾರನೌಕೆಯಲ್ಲಿ ವಾರ್ಧಕ್ಯ

ಸಮುದ್ರಯಾನವೆಂಬುದು ಒಂದು ಕಾಲದಲ್ಲಿ ಅನಿವಾರ್ಯತೆಯ ಮಾತಾಗಿತ್ತು; ವರ್ತಕನು ಲಾಭಕ್ಕಾಗಿಯೂ, ಸಿಪಾಯಿಯು ಅಪ್ಪಣೆಗಾಗಿಯೂ, ವಿದ್ಯಾರ್ಥಿಯು ಪದವಿಗಾಗಿಯೂ, ದೇಶ ಬಿಟ್ಟು ಹೊರಟ ಬಡವನು ಹೊಟ್ಟೆಯ ಪಾಡಿಗಾಗಿಯೂ ಹಡಗನ್ನೇರುತ್ತಿದ್ದರೇ ಹೊರತು, ಎಪ್ಪತ್ತು ದಾಟಿದ ದಂಪತಿಗಳು ಯಾವ ಕಾರ್ಯವೂ ಇಲ್ಲದೆ, ಎಲ್ಲಿಗೂ ಹೋಗಿ ಮುಟ್ಟಬೇಕೆಂಬ ಆತುರವಿಲ್ಲದೆ, ಹೊರಟ ಬಂದರಿಗೇ ಮರಳಿ ಬರುವುದಕ್ಕೋಸ್ಕರ ಕೈಯಿಂದ ಹಣ ತೆತ್ತು ಕಡಲಿಗಿಳಿಯುವರೆಂದರೆ ನಮ್ಮ ಅಜ್ಜಂದಿರು ನಂಬುತ್ತಿರಲಿಲ್ಲ. ಈ ವಿಚಿತ್ರ ವ್ಯವಹಾರಕ್ಕೆ ನಾಂದಿ ಹಾಡಿದವರಲ್ಲಿ ಹ್ಯಾಂಬರ್ಗಿನ ನೌಕಾಸಂಸ್ಥೆಯೊಂದರ ಅಧಿಕಾರಿಯಾಗಿದ್ದ ಆಲ್ಬರ್ಟ್ ಬಾಲಿನ್ ಮುಖ್ಯನು. ಅಟ್ಲಾಂಟಿಕ್ ದಾಟುವ ಜನ ಚಳಿಗಾಲದಲ್ಲಿ ವಿರಳವಾಗಿ, ‘ಆಗಸ್ಟಾ ವಿಕ್ಟೋರಿಯ’ ಎಂಬ ದೊಡ್ಡ ಹಡಗು ಸಂಪಾದನೆಯಿಲ್ಲದೆ ನಿಲ್ಲುವುದನ್ನು ನೋಡಲಾರದೆ, 1891ರ ಜನವರಿಯಲ್ಲಿ ಆತನು ಅದನ್ನು ಮೆಡಿಟರೇನಿಯನ್ ಸಮುದ್ರಕ್ಕೆ ಬರಿಯ ವಿಹಾರಕ್ಕೆಂದು ಕಳುಹಿಸಿದನು. ಮುಂದೆ 1958ರಲ್ಲಿ ಜೆಟ್ ವಿಮಾನಗಳು ಅಟ್ಲಾಂಟಿಕ್ ಸಾಗರದ ಮೇಲೆ ನಿಯತವಾಗಿ ಹಾರತೊಡಗಿದ ಮೇಲೆ, ಚಳಿಗಾಲದ ನಿರುದ್ಯೋಗವು ಹಡಗುಗಳಿಗೆ ವರ್ಷವಿಡೀ ಪ್ರಾಪ್ತವಾಯಿತು. ಕೆಲಸ ಕಳೆದುಕೊಂಡ ಹಡಗುಗಳೂ ಕೆಲಸದಿಂದ ನಿವೃತ್ತರಾದ ಜನರೂ ಪರಸ್ಪರ ಗುರುತು ಹಿಡಿದುಕೊಂಡದ್ದು ಸಹಜವೇ ಆಗಿತ್ತು.

ಇಂದಿನ ವಿಹಾರನೌಕೆಗಳಲ್ಲಿ ಮಕ್ಕಳೊಡಗೂಡಿದ ಸಂಸಾರಗಳೂ ನವದಂಪತಿಗಳೂ ತುಂಬಿಕೊಂಡು, ಪ್ರಯಾಣಿಕರ ಸರಾಸರಿ ವಯಸ್ಸು ಐವತ್ತಕ್ಕಿಂತ ಕೆಳಗೆ ಇಳಿದಿದೆಯೆಂಬುದು ನಿಜವಾದರೂ, ಭೂಮಂಡಲವನ್ನೇ ಸುತ್ತಿ ಬರುವ ಮೂರು ನಾಲ್ಕು ತಿಂಗಳ ದೀರ್ಘಯಾನಗಳು ಬಹುಮಟ್ಟಿಗೆ ವೃದ್ಧರ ಸ್ವತ್ತಾಗಿಯೇ ಉಳಿದಿವೆ. ಅಷ್ಟು ಹಣ, ಅಷ್ಟು ಬಿಡುವು ಇವೆರಡೂ ಒಟ್ಟಿಗೆ ಒದಗುವುದು ಆ ವಯಸ್ಸಿನಲ್ಲಿಯೇ. ಅಮೆರಿಕದಲ್ಲಿ ನೆಲಸಿದ ಮಕ್ಕಳನ್ನು ನೋಡಲು ಹೋದ ಮೈಸೂರು ಬೆಂಗಳೂರುಗಳ ತಂದೆತಾಯಿಗಳೂ ಈಚೆಗೆ ಅಲಾಸ್ಕದ ಹಿಮನದಿಗಳನ್ನೋ ಕೆರಿಬಿಯನ್ ದ್ವೀಪಗಳನ್ನೋ ಹಡಗಿನ ಮೇಲಿಂದ ಕಂಡು ಬರುವುದುಂಟು. ಆದಕಾರಣ ಈ ವಿಷಯವು ನಮಗೆ ತೀರ ಪರಕೀಯವೆಂದು ತಳ್ಳಿಬಿಡುವಂತಿಲ್ಲ.

ವೃದ್ಧರಿಗೆ ಹಡಗಿನಷ್ಟು ಹಿತವಾದ ವಾಹನ ಬೇರೊಂದಿಲ್ಲವೆನ್ನುವವರ ವಾದದಲ್ಲಿ ಹುರುಳಿಲ್ಲದೆ ಇಲ್ಲ. ಪ್ರವಾಸದಲ್ಲಿ ಮುದುಕರನ್ನು ಬಳಲಿಸುವುದು ಬರಿಯ ದೂರವಲ್ಲ. ಪೆಟ್ಟಿಗೆ ಕಟ್ಟುವುದು, ಬಿಚ್ಚುವುದು, ರೈಲುನಿಲ್ದಾಣದ ಮೆಟ್ಟಿಲು, ವಿಮಾನನಿಲ್ದಾಣದ ಸಾಲು, ದಿನಕ್ಕೊಂದು ಊರು, ಊರಿಗೊಂದು ಹೋಟೆಲು, ಆ ಹೋಟೆಲಿನಲ್ಲಿ ನಡುರಾತ್ರಿ ಎದ್ದಾಗ ದೀಪದ ಗುಂಡಿ ಎಲ್ಲಿದೆಯೆಂದು ಗೋಡೆ ತಡಕುತ್ತ ಬಚ್ಚಲಿನ ಬಾಗಿಲನ್ನು ಅರಸುವುದು, ಇವೇ ಅವರ ಚೈತನ್ಯವನ್ನು ಹೀರುತ್ತವೆ. ಹಡಗಿನಲ್ಲಾದರೋ ಪೆಟ್ಟಿಗೆಯನ್ನು ಒಮ್ಮೆ ಬಿಚ್ಚಿದರೆ ಮುಗಿಯಿತು. ಮಲಗಿದ ಹಾಸಿಗೆಯೇ ರಾತ್ರಿಯೆಲ್ಲ ಚಲಿಸಿ, ಬೆಳಗಾಗುವಷ್ಟರಲ್ಲಿ ಬೇರೊಂದು ದೇಶವನ್ನು ಕಿಟಕಿಯ ಮುಂದೆ ತಂದು ನಿಲ್ಲಿಸುತ್ತದೆ. ಸೌತಾಂಪ್ಟನ್ನಿನಿಂದ ನ್ಯೂಯಾರ್ಕಿಗೆ ‘ಕ್ವೀನ್ ಮೇರಿ 2’ ಹಡಗು ಏಳು ರಾತ್ರಿಗಳಲ್ಲಿ ಸಾಗುವಾಗ, ಎರಡು ಖಂಡಗಳ ನಡುವಣ ಐದು ಗಂಟೆಗಳ ಅಂತರವನ್ನು ರಾತ್ರಿಗೊಂದು ಗಂಟೆಯಂತೆ ಗಡಿಯಾರವನ್ನು ಹಿಂದಕ್ಕೆ ತಿರುಗಿಸಿ ತೀರಿಸಿಬಿಡುತ್ತಾರೆ. ವಿಮಾನದಿಂದಿಳಿದವನು ಮೂರು ದಿನ ನಿದ್ದೆಗೆಟ್ಟು ಅನುಭವಿಸುವ ದೇಹದಂಡನೆ ಇಲ್ಲಿಲ್ಲ. ಕಡಲಬೇನೆಯು ಕೂಡ ಎಳೆಯರನ್ನು ಕಾಡುವಷ್ಟು ಮುದುಕರನ್ನು ಕಾಡುವುದಿಲ್ಲ. ಹಡಗಿನ ಎರಡು ಪಕ್ಕಗಳಲ್ಲಿ ನೀರಿನೊಳಗೆ ಚಾಚಿಕೊಂಡಿರುವ ರೆಕ್ಕೆಗಳು ಎಡಬಲದ ಓಲಾಟವನ್ನು ಬಹಳಮಟ್ಟಿಗೆ ತಗ್ಗಿಸುತ್ತವೆ. ಮುಂದಕ್ಕೂ ಹಿಂದಕ್ಕೂ ತೊನೆಯುವುದನ್ನು ಅವು ತಡೆಯಲಾರವಾದ್ದರಿಂದ, ಹಡಗಿನ ನಡುಭಾಗದಲ್ಲಿ, ಕೆಳಗಿನ ಅಂತಸ್ತಿನಲ್ಲಿ ಕ್ಯಾಬಿನ್ ಕೇಳಿ ಪಡೆಯುವುದು ಜಾಣತನ.

ಇಲ್ಲೊಂದು ಎಚ್ಚರಿಕೆಯ ಮಾತನ್ನು ಹೇಳಲೇಬೇಕು. ಕಡಲಬೇನೆಗೆಂದು ಕಿವಿಯ ಹಿಂದೆ ಅಂಟಿಸಿಕೊಳ್ಳುವ ಸ್ಕೋಪೊಲಮಿನ್ ಪಟ್ಟಿಯು ತರುಣರ ಬಾಯಿಯನ್ನು ಒಣಗಿಸಿ ಬಿಟ್ಟರೆ, ವೃದ್ಧರಲ್ಲಿ ಮೂತ್ರವನ್ನು ಕಟ್ಟಬಲ್ಲುದು, ಕಣ್ಣಿನ ಒತ್ತಡದ ರೋಗವಿದ್ದವರಲ್ಲಿ ಅದನ್ನು ಉಲ್ಬಣಗೊಳಿಸಬಲ್ಲುದು, ಕೆಲವರಲ್ಲಿ ಬುದ್ಧಿಯನ್ನೇ ಕಲಕಿ ಇರುವ ಸ್ಥಳ, ಎದುರಿಗಿರುವ ವ್ಯಕ್ತಿ ಯಾವುದೂ ತಿಳಿಯದಂತೆ ಮಾಡಬಲ್ಲುದು. ಯಜಮಾನರಿಗೆ ಇದ್ದಕ್ಕಿದ್ದಂತೆ ಅರಳುಮರಳು ಹಿಡಿಯಿತೆಂದು ಮನೆಯವರು ಕಂಗಾಲಾಗಿರುವಾಗ, ರೋಗದ ಮೂಲವು ಕಿವಿಯ ಹಿಂದಣ ಆ ಕಾಸಿನಗಲದ ಪಟ್ಟಿಯಲ್ಲಿ ಇರುವುದು ಸಾಧ್ಯ.

ಆದರೆ ನನ್ನ ತಕರಾರು ಔಷಧದ ಮೇಲೂ ಅಲ್ಲ, ಅಲೆಗಳ ಮೇಲೂ ಅಲ್ಲ. ವಿಹಾರನೌಕೆಯು ವೃದ್ಧನನ್ನು ಅತಿಥಿಯೆಂದು ಆದರಿಸುತ್ತದೆ, ವೃದ್ಧನೆಂದು ಅವನನ್ನು ಅರಿಯುವುದಿಲ್ಲ. ಅವನ ಬಿಡುವು, ಅವನ ಉಳಿತಾಯ, ವರ್ಷ ವರ್ಷವೂ ಅದೇ ಸಂಸ್ಥೆಗೆ ಮರಳಿ ಬರುವ ಅವನ ನಿಷ್ಠೆ, ಇವೆಲ್ಲ ಅದಕ್ಕೆ ಬೇಕು. ಅವನ ಮಂಡಿ, ಅವನ ಹೃದಯ, ಅವನ ಮರೆವು ಇವುಗಳ ಪ್ರಸ್ತಾಪ ಬಂದೊಡನೆ ಉಪಚಾರದ ಭಾಷೆ ನಿಂತು ಕರಾರುಪತ್ರದ ಭಾಷೆ ಪ್ರಾರಂಭವಾಗುತ್ತದೆ. ಆ ಕರಾರುಪತ್ರವನ್ನು ಓದಿ ಹತ್ತುವವರು ಎಷ್ಟು ಮಂದಿಯೋ!

ದೇಹದ ಸಣ್ಣ ಸಂಗತಿಗಳಿಂದಲೇ ಆರಂಭಿಸೋಣ. ಸಾಮಾನ್ಯ ಕ್ಯಾಬಿನ್ನಿನ ಬಚ್ಚಲಿಗೆ, ನೀರು ಹೊರಗೆ ಹರಿಯದಿರಲೆಂದು, ನಾಲ್ಕಾರು ಅಂಗುಲದ ಹೊಸ್ತಿಲನ್ನು ಇಟ್ಟಿರುತ್ತಾರೆ. ಹೊಸ್ತಿಲು ದಾಟುವ ಅಭ್ಯಾಸ ನಮ್ಮವರಿಗೆ ಹುಟ್ಟಿನಿಂದಲೇ ಇದ್ದರೂ, ತೂಗುವ ನೆಲದ ಮೇಲೆ, ನಿದ್ದೆಗಣ್ಣಿನಲ್ಲಿ, ಕತ್ತಲೆಯೊಳಗೆ ಅದನ್ನು ದಾಟುವುದು ಬೇರೆಯ ಮಾತು. ಹೊಸ್ತಿಲಿಲ್ಲದ, ಅಗಲವಾದ ಬಾಗಿಲುಳ್ಳ ಕ್ಯಾಬಿನ್ನುಗಳು ಇರುವುದು ಕೆಲವೇ. ಅವು ಬಹಳ ಮುಂಚಿತವಾಗಿ ಮುಗಿದುಹೋಗುತ್ತವೆ. ಬ್ಯಾಟರಿಯ ಗಾಲಿಗಾಡಿಯನ್ನು ಓಣಿಯಲ್ಲಿ ನಿಲ್ಲಿಸಿದರೆ ಬೆಂಕಿಯ ಸಮಯದಲ್ಲಿ ಜನರ ಓಡಾಟಕ್ಕೆ ಅಡ್ಡಿಯಾಗುವುದರಿಂದ ಅದನ್ನು ಕ್ಯಾಬಿನ್ನಿನೊಳಗೇ ಇಟ್ಟುಕೊಳ್ಳತಕ್ಕದ್ದೆಂಬ ನಿಯಮವುಂಟು. ನಿಯಮವು ನ್ಯಾಯವಾದುದೇ, ಆದರೆ ಗಾಡಿಯು ಬಾಗಿಲಿನಲ್ಲಿ ತೂರುವುದೋ ಇಲ್ಲವೋ ಎಂಬುದು ಹಡಗು ಹತ್ತಿದ ಮೇಲೆ ಗೊತ್ತಾಗುವ ವಿಷಯವಾಗಬಾರದು. ಹತ್ತುವಾಗ ಕೂಲಿಯವರ ಕೈಗೆ ಕೊಟ್ಟ ಪೆಟ್ಟಿಗೆಗಳು ಕ್ಯಾಬಿನ್ನಿಗೆ ಬಂದು ಸೇರುವುದು ಗಂಟೆಗಳ ಮೇಲೆ. ಮಧ್ಯಾಹ್ನದ ಮಾತ್ರೆ ಆ ಪೆಟ್ಟಿಗೆಯಲ್ಲಿ ಉಳಿದರೆ ರಾತ್ರಿಯ ಊಟದವರೆಗೆ ಕಾಯಬೇಕಾದೀತು.

ಇನ್ನು ಬಂದರುಗಳ ಮಾತು. ಹಡಗು ಧಕ್ಕೆಗೆ ಒತ್ತಿ ನಿಲ್ಲುವ ಊರುಗಳಲ್ಲಿ ಇಳಿಯುವುದು ಸುಲಭ. ನಮ್ಮ ನವಮಂಗಳೂರು ಬಂದರಿನಲ್ಲಿ ಚಳಿಗಾಲದ ತಿಂಗಳುಗಳಲ್ಲಿ ಇದನ್ನು ಕಾಣಬಹುದು: ಹಡಗು ಬೆಳಗ್ಗೆ ಧಕ್ಕೆಗೆ ಬಂದು ನಿಂತೊಡನೆ ಚೆಂಡೆ ಬಾರಿಸಿ, ಯಕ್ಷಗಾನದ ವೇಷ ನಿಲ್ಲಿಸಿ ಸ್ವಾಗತಿಸುತ್ತಾರೆ, ಬಿಳಿಗೂದಲಿನ ಪ್ರಯಾಣಿಕರು ಒಂದು ಕೈಯಲ್ಲಿ ಊರುಗೋಲು, ಇನ್ನೊಂದರಲ್ಲಿ ಏಣಿಯ ಕಟಕಟೆ ಹಿಡಿದು ಒಬ್ಬೊಬ್ಬರಾಗಿ ಇಳಿದು ಬಸ್ಸುಗಳನ್ನೇರುತ್ತಾರೆ. 1430ರ ಸುಮಾರಿನ ಮೂಡಬಿದಿರೆಯ ಸಾವಿರ ಕಂಬದ ಬಸದಿಯಲ್ಲಿ ಅವರು ಚಪ್ಪಲಿ ಕಳಚಿ, ತಂಪುಗಲ್ಲಿನ ಮೇಲೆ ಕಾಲೂರಿ, ಕಂಬಗಳ ನಡುವೆ ಸಾವಕಾಶವಾಗಿ ಓಡಾಡಬಲ್ಲರು. ಆದರೆ ಕಾರ್ಕಳದ ಬಂಡೆಯ ಮೇಲೆ 1432ರಿಂದ ನಿಂತಿರುವ ನಲವತ್ತೆರಡು ಅಡಿಯ ಗೊಮ್ಮಟನನ್ನು ನೋಡಬೇಕಾದರೆ ಮೆಟ್ಟಿಲು ಹತ್ತಬೇಕು. ಕರಾವಳಿಯ ಹನ್ನೊಂದು ಗಂಟೆಯ ಬಿಸಿಲಿನಲ್ಲಿ ಕೆಲವರು ಕೆಳಗೇ ಉಳಿದು, ಬಸ್ಸಿನ ನೆರಳಿನಲ್ಲಿ ಬೊಂಡ ಕುಡಿಯುತ್ತ ಕುಳಿತುಬಿಡುವುದುಂಟು. ಅವರು ಅದಕ್ಕಾಗಿ ವಿಷಾದಪಡುವಂತೆ ಕಾಣುವುದಿಲ್ಲವೆಂಬುದನ್ನೂ ನಾನು ಹೇಳಬೇಕು. ಕಂಡದ್ದರಲ್ಲಿ ತೃಪ್ತಿಪಡುವ ವಿದ್ಯೆಯನ್ನು ಆ ವಯಸ್ಸು ಕಲಿಸಿಯೇ ಇರುತ್ತದೆ. ಸಂಕಟವಿರುವುದು ಧಕ್ಕೆಯಿಲ್ಲದ ಸ್ಥಳಗಳಲ್ಲಿ. ಗ್ರೀಸಿನ ಸ್ಯಾಂಟೊರಿನಿಯಲ್ಲಿಯೂ ನಮ್ಮ ಲಕ್ಷದ್ವೀಪದಲ್ಲಿಯೂ ದೊಡ್ಡ ಹಡಗು ದೂರದಲ್ಲಿಯೇ ನಿಂತು, ಜನರನ್ನು ಸಣ್ಣ ದೋಣಿಗಳಲ್ಲಿ ದಡಕ್ಕೆ ಸಾಗಿಸುತ್ತದೆ. ಏರಿಳಿಯುವ ಅಲೆಯ ಮೇಲೆ ಹಡಗಿನ ಮೆಟ್ಟಿಲಿಗೂ ದೋಣಿಯ ಅಂಚಿಗೂ ನಡುವೆ ಒಂದು ಹೆಜ್ಜೆಯ ಅಂತರವು ಒಮ್ಮೆ ತೆರೆದು ಒಮ್ಮೆ ಮುಚ್ಚುತ್ತಿರುವಾಗ, ಗಾಲಿಕುರ್ಚಿಯವರನ್ನು ನಾವಿಕರು ವಿನಯದಿಂದಲೇ ಹಿಂದಕ್ಕೆ ಕಳುಹಿಸುತ್ತಾರೆ. ಕೊಟ್ಟ ಹಣದಲ್ಲಿ ಆ ಊರಿನ ದರ್ಶನವೂ ಸೇರಿತ್ತು. ದೊರೆತದ್ದು ಕಟಕಟೆಯ ಮೇಲಿಂದ ಕಾಣುವ ದಡ.

ಕಾನೂನು ಈ ದಿಕ್ಕಿನಲ್ಲಿ ಏನೂ ಮಾಡಿಲ್ಲವೆನ್ನಲಾಗದು. ಈ ಹಡಗುಗಳಲ್ಲಿ ಬಹುಪಾಲು ಬಹಾಮಾಸ್, ಪನಾಮ, ಬರ್ಮುಡಗಳಂಥ ದೇಶಗಳ ಬಾವುಟ ಹಾರಿಸುವುದರಿಂದ, ಅಂಗವಿಕಲರ ಹಕ್ಕಿನ ಅಮೆರಿಕದ ಶಾಸನವು ತಮಗೆ ಅನ್ವಯಿಸದೆಂದು ಸಂಸ್ಥೆಗಳು ವಾದಿಸಿದ್ದವು. 2005ರಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು, ಅಮೆರಿಕದ ಜಲಪ್ರದೇಶದಲ್ಲಿರುವ ವಿದೇಶೀ ಬಾವುಟದ ಹಡಗುಗಳಿಗೂ ಆ ಶಾಸನವು ಸಾಮಾನ್ಯವಾಗಿ ಅನ್ವಯಿಸುವುದೆಂದು ತೀರ್ಪಿತ್ತಿತು. ಐರೋಪ್ಯ ಒಕ್ಕೂಟದ 2010ರ ನಿಯಮಾವಳಿಯು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ನಡೆದಾಡಲು ಕಷ್ಟವಿರುವವರು ನಲವತ್ತೆಂಟು ಗಂಟೆ ಮೊದಲೇ ತಿಳಿಸಿದರೆ ಬಂದರಿನಲ್ಲಿಯೂ ಹಡಗಿನಲ್ಲಿಯೂ ಉಚಿತವಾಗಿ ನೆರವು ಒದಗಿಸತಕ್ಕದ್ದೆಂದು ವಿಧಿಸಿದೆ. ಮುದುಕನು ತನ್ನನ್ನು ಅಂಗವಿಕಲನೆಂದು ಒಪ್ಪಿಕೊಳ್ಳಲು ಹಿಂಜರಿಯುವನೆಂಬ ಮಾನಸಿಕ ಸತ್ಯವನ್ನು ಮಾತ್ರ ಯಾವ ಶಾಸನಕರ್ತನೂ ಗಣನೆಗೆ ತಂದುಕೊಂಡಿಲ್ಲ.

ಎಲ್ಲಕ್ಕೂ ಮಿಗಿಲಾದ ಪ್ರಶ್ನೆ ರೋಗದ್ದು. ದೊಡ್ಡ ಹಡಗುಗಳಲ್ಲಿ ವೈದ್ಯರೂ ದಾದಿಯರೂ ಕ್ಷಕಿರಣ ಯಂತ್ರವೂ ಕೃತಕ ಉಸಿರಾಟದ ಸಲಕರಣೆಯೂ ಇರುತ್ತವೆ. ಹೃದಯಾಘಾತವಾದವನನ್ನು ಕೆಲವು ಗಂಟೆಗಳ ಕಾಲ ಹಿಡಿದು ನಿಲ್ಲಿಸಲು ಅಷ್ಟು ಸಾಕು. ಊರಿನ ಆಸ್ಪತ್ರೆಯಲ್ಲಿರುವಂಥ ರಕ್ತನಿಧಿಯಾಗಲಿ ದೊಡ್ಡ ಶಸ್ತ್ರಚಿಕಿತ್ಸೆಯ ಏರ್ಪಾಡಾಗಲಿ ಅಲ್ಲಿರುವುದಿಲ್ಲ. ದಡದಿಂದ ದೂರ ಹೋದಂತೆ ಹೆಲಿಕಾಪ್ಟರು ಬಂದು ಎತ್ತಿಕೊಂಡು ಹೋಗುವ ಸಂಭವವೂ ಇಂಧನದ ಮಿತಿಯಿಂದ ಕ್ಷೀಣಿಸುತ್ತದೆ. ನಡುಸಾಗರದಲ್ಲಿ ಅದು ಇಲ್ಲವೇ ಇಲ್ಲ. ಚಿಕಿತ್ಸೆಯ ವೆಚ್ಚವು ಟಿಕೆಟ್ಟಿನಲ್ಲಿ ಸೇರಿರುವುದಿಲ್ಲ. ಅಮೆರಿಕದ ವೃದ್ಧರಿಗೆ ಆಸರೆಯಾಗಿರುವ ಮೆಡಿಕೇರ್ ವಿಮೆಯು, ಹಡಗು ಅಮೆರಿಕದ ಬಂದರಿನಲ್ಲಿದ್ದರೆ ಅಥವಾ ಅಲ್ಲಿಂದ ಆರು ಗಂಟೆಯ ಹಾದಿಯೊಳಗಿದ್ದರೆ ಮಾತ್ರ ಲೆಕ್ಕಕ್ಕೆ ಬರುತ್ತದೆ. ಏಳನೆಯ ಗಂಟೆಯಲ್ಲಿ ಬರುವ ಎದೆನೋವು ರೋಗಿಯ ಸ್ವಂತ ಖರ್ಚಿನದು. ನಮ್ಮವರು ಹೋಗುವಾಗ ಕೊಳ್ಳುವ ಪ್ರವಾಸವಿಮೆಯಲ್ಲಿ ಮೊದಲೇ ಇದ್ದ ರಕ್ತದೊತ್ತಡ, ಮಧುಮೇಹಗಳ ಬಗೆಗೆ ಏನು ಬರೆದಿದೆಯೆಂದು ಮಕ್ಕಳಾದರೂ ಕೂತು ಓದಬೇಕು.

ಬಂದರು ತಲುಪಿದ ಮೇಲಾದರೂ ಕಷ್ಟ ಮುಗಿಯಿತೆಂದು ಭಾವಿಸುವುದು ತಪ್ಪು. ರೋಗಿಯನ್ನು ಅಲ್ಲಿಯ ಆಸ್ಪತ್ರೆಗೆ ಇಳಿಸಬೇಕೆಂದು ಹಡಗಿನ ವೈದ್ಯರು ತೀರ್ಮಾನಿಸಿದರೆ, ಅದಕ್ಕೆ ಮೇಲ್ಮನವಿಯಿಲ್ಲ. ಆಗ ಹೆಂಡತಿಯು, ಗಂಡನು ಸ್ಟ್ರೆಚರಿನ ಮೇಲೆ ಓಣಿಯ ಕೊನೆಯಲ್ಲಿ ಕಾಯುತ್ತಿರುವಾಗ, ಒಂದು ತಿಂಗಳ ಸಂಸಾರವನ್ನು ಅರ್ಧ ಗಂಟೆಯಲ್ಲಿ ಪೆಟ್ಟಿಗೆಗೆ ತುರುಕಬೇಕು: ಕೊಂಡಿಯಲ್ಲಿ ತೂಗುಹಾಕಿದ ಕೋಟು, ಬಚ್ಚಲಿನಲ್ಲಿ ಲೋಟದೊಳಗಿನ ಹಲ್ಲಿನ ಕಟ್ಟು, ತಿಜೋರಿಯಲ್ಲಿಟ್ಟ ಪಾಸ್‌ಪೋರ್ಟು, ಮಂಚದ ಕೆಳಗೆ ಸರಿದುಹೋದ ಚಪ್ಪಲಿ. ತಾನು ವೀಸಾ ಪಡೆದಿಲ್ಲದ, ಭಾಷೆ ತಿಳಿಯದ ಊರಿನಲ್ಲಿ ಆಕೆ ಇಳಿಯುತ್ತಾಳೆ. ಸಾಯಂಕಾಲ ಹಡಗು ವೇಳೆಗೆ ಸರಿಯಾಗಿ ಹೊರಟುಹೋಗುತ್ತದೆ. ಎರಡು ಸಾವಿರ ಜನರ ಪ್ರಯಾಣವನ್ನು ಒಬ್ಬನ ಸಲುವಾಗಿ ನಿಲ್ಲಿಸಲಾಗದೆಂಬುದನ್ನು ನಾನು ಒಪ್ಪುತ್ತೇನೆ. ಆದರೆ ಹಡಗು ಹೊರಡುವುದು ಬೇರೆ, ಹೊಣೆ ಹೊರಟುಹೋಗುವುದು ಬೇರೆ. ಆ ಬಂದರಿನಲ್ಲಿ ಸಂಸ್ಥೆಯ ಏಜೆಂಟನೊಬ್ಬನು ಹೇಗೂ ಇದ್ದೇ ಇರುತ್ತಾನೆ, ಇಂಧನಕ್ಕೆ, ನೀರಿಗೆ, ಸುಂಕಕ್ಕೆ. ಅವನು ಆಕೆಯೊಡನೆ ಆಸ್ಪತ್ರೆಯ ಮೊದಲ ರಾತ್ರಿಯನ್ನು ಕಳೆಯತಕ್ಕದ್ದೆಂದು ಕರಾರಿನಲ್ಲಿ ಒಂದು ಸಾಲು ಸೇರಿಸಲು ಎಷ್ಟು ಶಾಯಿ ಬೇಕು?

ಹಡಗಿನ ವೈದ್ಯನ ತಪ್ಪಿಗೆ ಹಡಗಿನ ಒಡೆಯ ಹೊಣೆಯಲ್ಲವೆಂಬ ತತ್ತ್ವವು ಅಮೆರಿಕದ ನ್ಯಾಯಾಲಯಗಳಲ್ಲಿ ಬಹುಕಾಲ ನಡೆದುಬಂದಿತ್ತು. ವೈದ್ಯನು ಸ್ವತಂತ್ರ ವೃತ್ತಿಯವನು, ಒಡೆಯನಿಗೆ ವೈದ್ಯ ತಿಳಿಯದು ಎಂಬುದು ಅದರ ತರ್ಕ. ಬರ್ಮುಡದ ಧಕ್ಕೆಯಲ್ಲಿ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡು, ಹಡಗಿನ ಚಿಕಿತ್ಸಾಲಯದಲ್ಲಿ ಸಕಾಲದಲ್ಲಿ ತಕ್ಕ ಚಿಕಿತ್ಸೆ ದೊರೆಯದೆ ಮುಂದೆ ತೀರಿಕೊಂಡನೆಂದು ಹೇಳಲಾದ ಒಬ್ಬ ವೃದ್ಧನ ಪ್ರಕರಣದಲ್ಲಿ, 2014ರಲ್ಲಿ ಅಟ್ಲಾಂಟದ ಮೇಲ್ಮನವಿ ನ್ಯಾಯಾಲಯವು ಆ ತತ್ತ್ವವನ್ನು ಕೈಬಿಟ್ಟಿತು. ಹಡಗಿನ ಸಮವಸ್ತ್ರ ತೊಟ್ಟು, ಹಡಗಿನ ಸಂಬಳ ಪಡೆದು, ಹಡಗಿನವರೇ ನಡೆಸುವ ಚಿಕಿತ್ಸಾಲಯದಲ್ಲಿ ಕೆಲಸ ಮಾಡುವವರ ಅಜಾಗರೂಕತೆಗೆ ಹಡಗಿನವರು ಉತ್ತರವಾದಿಗಳಾಗಬಹುದೆಂಬುದು ಸಾಮಾನ್ಯ ಬುದ್ಧಿಗೆ ಎಂದೋ ಹೊಳೆಯಬೇಕಾಗಿದ್ದ ವಿಚಾರ.

ಇತ್ತ ಶಿಕಾಗೋ ನಗರದ ಇಬ್ಬರು ವೈದ್ಯರು, 2004ರಲ್ಲಿ, ಅಮೆರಿಕದ ವೃದ್ಧವೈದ್ಯಶಾಸ್ತ್ರದ ಪತ್ರಿಕೆಯೊಂದರಲ್ಲಿ, ವೃದ್ಧರ ಆಶ್ರಯಧಾಮಕ್ಕೆ ಬದಲಾಗಿ ವಿಹಾರನೌಕೆಯಲ್ಲಿಯೇ ವಾಸಮಾಡುವುದೇಕೆ ಸಲ್ಲದೆಂದು ಪ್ರಶ್ನಿಸಿ, ಎಂಬತ್ತರ ಪ್ರಾಯದಿಂದ ಮುಂದಣ ಇಪ್ಪತ್ತು ವರ್ಷಗಳ ಲೆಕ್ಕ ಹಾಕಿ, ಎರಡರ ವೆಚ್ಚವೂ ಹೆಚ್ಚುಕಡಮೆ ಸಮಾನವೆಂದು ತೋರಿಸಿದರು. ‘ಕ್ವೀನ್ ಎಲಿಜಬೆತ್ 2’ ಹಡಗಿನಲ್ಲಿ, ಅದು 2008ರಲ್ಲಿ ಸೇವೆಯಿಂದ ನಿವೃತ್ತವಾಗುವವರೆಗೂ, ಒಬ್ಬ ವಿಧವೆ ವರ್ಷಗಟ್ಟಲೆ ಮನೆ ಮಾಡಿಕೊಂಡಿದ್ದದ್ದು ಪ್ರಸಿದ್ಧ ಸಂಗತಿ. ಲೆಕ್ಕ ಸರಿಯೇ ಇರಬಹುದು. ಆದರೆ ಲೆಕ್ಕದಲ್ಲಿ ಬಾರದ ಮಾತೊಂದಿದೆ. ಆಶ್ರಯಧಾಮದ ಪ್ರಯೋಜನವು ಮನುಷ್ಯನು ತನ್ನ ಅಂಗಿಯ ಗುಂಡಿಯನ್ನು ತಾನೇ ಹಾಕಿಕೊಳ್ಳಲಾರದ ದಿನ ಪ್ರಾರಂಭವಾಗುತ್ತದೆ. ಹಡಗಿನ ಕರಾರು ಅದೇ ದಿನ ಮುಗಿಯುತ್ತದೆ, ಏಕೆಂದರೆ ಸ್ವಂತ ಆರೈಕೆ ಮಾಡಿಕೊಳ್ಳಲಾರದವರು ಜತೆಗಾರರಿಲ್ಲದೆ ಹತ್ತಕೂಡದೆಂಬುದು ಈ ಸಂಸ್ಥೆಗಳ ಸಾಮಾನ್ಯ ನಿಬಂಧನೆ. ದಿನಕ್ಕೆರಡು ಬಾರಿ ಬಂದು ಹಾಸಿಗೆ ಸರಿಮಾಡಿ, ‘ಹೇಗಿದ್ದೀರಿ ಅಮ್ಮ’ ಎಂದು ಕೇಳುವ ಹುಡುಗನ ಪ್ರೀತಿ ಸುಳ್ಳಲ್ಲ. ಅವನು ಫಿಲಿಪೀನ್ಸಿನವನೋ ಗೋವೆಯವನೋ ನಮ್ಮ ಮಂಗಳೂರಿನವನೋ ಆಗಿರುತ್ತಾನೆ. ಕೆಲವು ತಿಂಗಳ ಗುತ್ತಿಗೆ ಮುಗಿದೊಡನೆ ಊರಿಗೆ ಹೋಗುತ್ತಾನೆ, ಆಕೆ ಹೊಸಬನಿಗೆ ತನ್ನ ದಿಂಬಿನ ಎತ್ತರವನ್ನು ಮೊದಲಿನಿಂದ ವಿವರಿಸಬೇಕು. ಆ ತಿಂಗಳುಗಳಲ್ಲಿ ಹುಡುಗನ ಸ್ವಂತ ಅಜ್ಜಿಯ ಯೋಗಕ್ಷೇಮ ಯಾರದಾಗಿತ್ತೆಂಬುದೂ ಆ ಲೆಕ್ಕದೊಳಗಿಲ್ಲ.

ಒಂಟಿಯಾದವರ ಮೇಲೆ ಬೀಳುವ ದಂಡವನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಕ್ಯಾಬಿನ್ನಿನ ದರವನ್ನು ಇಬ್ಬರಿಗೆಂದು ಗೊತ್ತುಮಾಡುವುದರಿಂದ, ಸಂಗಾತಿಯನ್ನು ಕಳೆದುಕೊಂಡವರು ಎಷ್ಟೋ ವೇಳೆ ಇಬ್ಬರ ಹಣವನ್ನೂ ತಾವೇ ತೆರುತ್ತಾರೆ. ‘ನಾರ್ವೀಜಿಯನ್ ಎಪಿಕ್’ ಹಡಗು 2010ರಲ್ಲಿ ಒಬ್ಬೊಬ್ಬರಿಗೇ ಎಂದು 128 ಕಿರುಕ್ಯಾಬಿನ್ನುಗಳನ್ನು ಕಟ್ಟಿಸಿದ್ದು ಒಳ್ಳೆಯ ಆರಂಭ.

ಸಾಂಕ್ರಾಮಿಕದ ವಿಷಯದಲ್ಲಿ 2020ರ ಫೆಬ್ರವರಿಯಲ್ಲಿ ಜಪಾನಿನ ಯೊಕೊಹಾಮ ಬಂದರಿನಲ್ಲಿ ದಿಗ್ಬಂಧನಕ್ಕೊಳಗಾದ ‘ಡೈಮಂಡ್ ಪ್ರಿನ್ಸೆಸ್’ ಹಡಗನ್ನು ಜಗತ್ತು ಮರೆತಿಲ್ಲ. ಅದರಲ್ಲಿದ್ದ 3,711 ಮಂದಿಯಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಅರುವತ್ತು ದಾಟಿದವರು. ಏಳುನೂರಕ್ಕೂ ಮೇಲ್ಪಟ್ಟು ಸೋಂಕಿತರಾದರು. ಅಡುಗೆ ಬಡಿಸುವಿಕೆ ಮುಂತಾದ ಕೆಲಸಗಳಲ್ಲಿದ್ದ ನೂರಕ್ಕೂ ಮಿಕ್ಕ ಭಾರತೀಯರು ಅದೇ ಹಡಗಿನಲ್ಲಿದ್ದರು. ಅಂಥ ಮಹಾಮಾರಿ ಅಪರೂಪ. ಪದೇ ಪದೇ ಬರುವುದು ವಾಂತಿಭೇದಿಯ ನೊರೊವೈರಸ್. ಮದ್ಯಸಾರದ ದ್ರವವನ್ನು ಅಂಗೈಗೆ ಸವರಿಕೊಂಡರೆ ಅದು ಚೆನ್ನಾಗಿ ಸಾಯುವುದಿಲ್ಲ, ಸಾಬೂನು ಹಚ್ಚಿ ನೀರಿನಲ್ಲಿ ಕೈ ತೊಳೆಯಬೇಕು. ತರುಣನಿಗೆ ಎರಡು ದಿನದ ಪೇಚಾಟವಾದದ್ದು ವೃದ್ಧನಿಗೆ ದೇಹದ ನೀರೊಣಗಿ ಪ್ರಾಣಾಂತಿಕವಾಗಬಹುದು.

ಇಷ್ಟೆಲ್ಲ ಹೊಣೆಯನ್ನು ಹೊರಿಸಿದರೆ ದರ ಏರುವುದೆಂದೂ, ಪ್ರಾಯಕ್ಕೆ ಬಂದವರು ತಮ್ಮ ಅಪಾಯವನ್ನು ತಾವೇ ತೂಗಿ ನೋಡಿಕೊಳ್ಳಲಿ, ಮುದುಕರನ್ನು ಮಕ್ಕಳಂತೆ ಕಾಣುವುದು ಅವಮಾನವೆಂದೂ ಪ್ರತಿಪಕ್ಷದವರು ಹೇಳಬಹುದು. ಎರಡನೆಯ ಮಾತನ್ನು ನಾನು ಗೌರವಿಸುತ್ತೇನೆ. ಮನೆಯ ಮೂಲೆಯಲ್ಲಿ ಸುರಕ್ಷಿತವಾಗಿ ಕೊರಗುವುದಕ್ಕಿಂತ ಅಲಾಸ್ಕದ ಹಿಮವನ್ನು ಕಂಡು ಕಾಯಿಲೆ ಬೀಳುವುದನ್ನು ಆರಿಸಿಕೊಳ್ಳಲು ಎಂಬತ್ತರ ಮನುಷ್ಯನಿಗೆ ಪೂರ್ಣ ಅಧಿಕಾರವುಂಟು. ಮೊದಲನೆಯ ಮಾತಿನಲ್ಲಿ ಸತ್ಯ ಕಡಮೆ. ಸಿಬ್ಬಂದಿಯ ಭಕ್ಷೀಸನ್ನು ತಲೆಗಿಷ್ಟೆಂದು ದಿನದಿನವೂ ಬಿಲ್ಲಿಗೆ ತಾನಾಗಿ ಸೇರಿಸುವುದನ್ನು ಅನೇಕ ಸಂಸ್ಥೆಗಳು ರೂಢಿಮಾಡಿಕೊಂಡಿರುವಲ್ಲಿ, ಆಪತ್ಕಾಲದ ಚಿಕಿತ್ಸೆಗೂ ದಡಕ್ಕಿಳಿದವರ ನೆರವಿಗೂ ಅದೇ ರೀತಿ ಒಂದು ಸಾಮಾನ್ಯ ನಿಧಿಯನ್ನು ಕೂಡಿಡುವುದು ಅಸಾಧ್ಯವೇನಲ್ಲ.

ತಾವೇ ತೂಗಿ ನೋಡಿಕೊಳ್ಳಲಿ ಎಂಬ ಮಾತಿಗೆ ಅರ್ಥ ಬರಬೇಕಾದರೆ, ಇರುವುದನ್ನು ಇದ್ದಂತೆ ಹೇಳುವ ಅವಕಾಶವೂ ಇರಬೇಕು. ಇಟಲಿಯ ಜಿಲ್ಯೊ ದ್ವೀಪದ ಬಳಿ 2012ರ ಜನವರಿ 13ರ ರಾತ್ರಿ ‘ಕೋಸ್ಟ ಕಾಂಕಾರ್ಡಿಯ’ ಬಂಡೆಗೆ ತಾಗಿ ಮಗುಚಿ 32 ಜನ ಸತ್ತಾಗ, ಅಂದೇ ಹತ್ತಿದ್ದ ನೂರಾರು ಮಂದಿಗೆ ಅಪಾಯಕಾಲದ ಅಭ್ಯಾಸ ಇನ್ನೂ ನಡೆದಿರಲಿಲ್ಲ. ತದನಂತರ ನಿಯಮವನ್ನು ಬಿಗಿಮಾಡಿ, ಹಡಗು ಹೊರಡುವ ಮುನ್ನವೋ ಹೊರಟೊಡನೆಯೋ ಅಭ್ಯಾಸ ನಡೆಸತಕ್ಕದ್ದೆಂದು ಗೊತ್ತುಮಾಡಿದರು. ಹಡಗಿನ ಸೀಟಿಯ ಏಳು ಗಿಡ್ಡ ಕೂಗು, ಒಂದು ನೀಳ ಕೂಗು ಕೇಳಿಬಂದರೆ ಸೇರಬೇಕಾದ ಸ್ಥಳಕ್ಕೆ ಹೋಗಬೇಕು, ಲಿಫ್ಟನ್ನು ಬಳಸಕೂಡದು, ಎಲ್ಲರೂ ಸೇರಿದ ಮೇಲೆ ಹಡಗು ಬಿಡುವ ಆಜ್ಞೆಯಾದರೆ ಮೂವತ್ತು ನಿಮಿಷದೊಳಗೆ ದೋಣಿಗಳು ನೀರಿಗಿಳಿಯಬೇಕು. ಏಳು ಅಂತಸ್ತು ಮೆಟ್ಟಿಲಿಳಿಯಲಾರದವರನ್ನು ಹೊತ್ತೊಯ್ಯಲು ಕುರ್ಚಿಗಳೂ ಜನರೂ ಇರುತ್ತಾರೆ, ಆದರೆ ಅಂಥವರು ಯಾವ ಕ್ಯಾಬಿನ್ನಿನಲ್ಲಿದ್ದಾರೆಂಬುದು ಗೊತ್ತಿದ್ದರೆ ಮಾತ್ರ. ಗೊತ್ತಾಗುವುದು ಪ್ರಯಾಣಿಕನು ತುಂಬಿಕೊಟ್ಟ ಫಾರಮ್ಮಿನಿಂದ. ಆ ಫಾರಮ್ಮಿನಲ್ಲಿ ತನ್ನ ಅಶಕ್ತಿಯನ್ನು ನಿಜವಾಗಿ ಬರೆದರೆ ಎಲ್ಲಿ ಹತ್ತಗೊಡುವುದಿಲ್ಲವೋ ಎಂಬ ಭಯದಿಂದ ಅವನು ‘ಇಲ್ಲ, ಇಲ್ಲ, ಇಲ್ಲ’ ಎಂದು ಗುರುತು ಹಾಕಿ ಕೊಡುತ್ತಾನೆ, ಪಕ್ಕದಲ್ಲಿ ಕುಳಿತ ಮಗನೂ ‘ಇರಲಿ ಬಿಡಿ ಅಪ್ಪ, ಏನೂ ಆಗೋದಿಲ್ಲ’ ಎಂದು ಅದಕ್ಕೆ ಸಮ್ಮತಿಸುತ್ತಾನೆ. ನಿಜ ಹೇಳಿದವನನ್ನು ಬಂದರಿನಲ್ಲಿಯೇ ತಡೆದು, ಮುಚ್ಚಿಟ್ಟವನನ್ನು ನಡುಗಡಲಿಗೆ ಒಯ್ಯುವ ಈ ಏರ್ಪಾಡಿನಲ್ಲಿ ಮೊದಲು ತಿದ್ದಬೇಕಾದದ್ದು ಆ ಫಾರಮ್ಮು. ಟಿಕೆಟ್ಟಿನ ಹಣ ಪಡೆಯುವುದಕ್ಕೆ ಮುನ್ನವೇ ಅದನ್ನು ಕೊಡಬೇಕು, ಮತ್ತು ಅದರಲ್ಲಿ ‘ಹೌದು’ ಎಂದು ಬರೆದವನಿಗೆ ಯಾವ ಯಾವ ನೆರವು ದೊರೆಯುವುದೆಂಬುದು ಪ್ರತಿಯೊಂದು ಪ್ರಶ್ನೆಯ ಎದುರಿಗೂ ದಪ್ಪ ಅಕ್ಷರದಲ್ಲಿ ಅಚ್ಚಾಗಿರಬೇಕು.